ಅರ್ಜಿಯ ಕರಡು ಓದಿದೆ, ಪುಟ್ಟಿ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ಓಪನ್ ಸೋರ್ಸ್ ನಿಧಿಗಳಿಂದ ಗ್ರಾಂಟ್ ಕೇಳಲು ನೀನು ಬರೆದ ಅರ್ಜಿಯ ಕರಡನ್ನು ಎರಡು ಸಲ ಓದಿದೆ. ಬಿಟ್‌ಕಾಯಿನ್ ಮೇಲೆ ಓಡುವ ಲೈಟ್ನಿಂಗ್ ಪಾವತಿ ಜಾಲದ ಒಂದು ನೋಡ್ (ಆ ಜಾಲಕ್ಕೆ ಸೇರಿದ ಕಂಪ್ಯೂಟರ್) ಕೆಟ್ಟುಹೋದಾಗ ಅದರ ಬ್ಯಾಕಪ್‌ನಿಂದ ಹಣ ನಿಜವಾಗಿ ವಾಪಸ್ ಬರುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ ನೋಡುವ ಸಾಧನ. ಒಳ್ಳೆಯ ಕೆಲಸ, ಬೇಕಾದ ಕೆಲಸ. ಆದರೆ ಆ ಮಾತು ಬರುವುದು ನಿನ್ನ ಅರ್ಜಿಯ ನಾಲ್ಕನೇ ಪುಟದಲ್ಲಿ. ಅದಕ್ಕೂ ಮೊದಲು ಜಗತ್ತಿನ ಹಣಕಾಸು ಬದಲಾಗುವ ಬಗ್ಗೆ ಒಂದು ಪುಟ, ಐದು ಜನರ ತಂಡದ ಬಗ್ಗೆ ಒಂದು ಪುಟ, ಮೊಬೈಲ್ ಆ್ಯಪ್ ಮತ್ತು ಮಾರಾಟಕ್ಕೆ ಬಿಡುವ ಸ್ವಂತ ಕ್ರಿಪ್ಟೋ ಟೋಕನ್ ಬಗ್ಗೆ ಇನ್ನೊಂದು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದ ಹಾಗಾಯಿತು. ಆ ಮೂರೂ ಪುಟ ತೆಗೆದುಹಾಕು.

ಟೋಕನ್ ಅಂತೂ ಬೇಡವೇ ಬೇಡ. ಟೋಕನ್ ಬಿಟ್ಟ ದಿನದಿಂದ ಜನ ನಿನ್ನ ಕೋಡ್ ನೋಡುವುದಿಲ್ಲ, ಬೆಲೆ ನೋಡುತ್ತಾರೆ. ಒಂದು ದೋಷವನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡರೆ ಬೆಲೆ ಬೀಳುತ್ತದೆ ಎಂಬ ಭಯ ನಿನಗೇ ಶುರುವಾಗುತ್ತದೆ. ಬ್ಯಾಕಪ್ ಪರೀಕ್ಷಿಸುವ ಸಾಧನ ಬರೆಯುವವಳಿಗೆ ಆ ಭಯ ಇರಬಾರದು.

ಅರ್ಜಿಯ ಮೊದಲ ಪ್ಯಾರಾದಲ್ಲಿ ಅಪಾಯವನ್ನೇ ಹೇಳು. ಎರಡು ನೋಡ್‌ಗಳ ನಡುವೆ ಹಣ ಇಟ್ಟು ತೆರೆದ ಲೈಟ್ನಿಂಗ್ ಚಾನೆಲ್‌ನಲ್ಲಿ ಪ್ರತಿ ಪಾವತಿಗೂ ಹೊಸ ಸ್ಥಿತಿ, ಎಂದರೆ ಯಾರ ಪಾಲು ಎಷ್ಟು ಎಂಬ ಲೆಕ್ಕ, ಬರುತ್ತದೆ, ಹಳೆಯದು ರದ್ದಾಗುತ್ತದೆ. ಡಿಸ್ಕ್ ಕೆಟ್ಟವನೊಬ್ಬ ನಿನ್ನೆಯ ಡೇಟಾಬೇಸ್ ನಕಲನ್ನು ಹಾಕಿ ನೋಡ್ ಎಬ್ಬಿಸಿ, ಆ ಹಳೆಯ ಸ್ಥಿತಿ ಬ್ಲಾಕ್‌ಚೈನ್‌ಗೆ ಹೋದರೆ, ಅದು ಮೋಸವೆಂದೇ ಲೆಕ್ಕ. ಎದುರಿನ ನೋಡ್ ದಂಡದ ವ್ಯವಹಾರ ಹಾಕಿ ಚಾನೆಲ್‌ನ ಪೂರ್ತಿ ಹಣ ಎತ್ತಿಕೊಳ್ಳಬಹುದು. ಮೋಸ ಮಾಡುವ ಉದ್ದೇಶವೇ ಇಲ್ಲದವನು ಎಲ್ಲ ಕಳೆದುಕೊಳ್ಳುತ್ತಾನೆ. ಎಲ್‌ಎನ್‌ಡಿ ಎಂಬ ಲೈಟ್ನಿಂಗ್ ನೋಡ್ ತಂತ್ರಾಂಶದ ಸ್ಟ್ಯಾಟಿಕ್ ಚಾನೆಲ್ ಬ್ಯಾಕಪ್ ಇದನ್ನು ತಪ್ಪಿಸಲೆಂದೇ ಇದೆ: ಅದು ಹಳೆಯ ಸ್ಥಿತಿಯನ್ನು ಹಾಕುವುದಿಲ್ಲ, ಚಾನೆಲ್ ಮುಚ್ಚಿಕೊಡು ಎಂದು ಎದುರಿನ ನೋಡನ್ನು ಕೇಳುತ್ತದೆ. ಆದರೆ ಎದುರಿನ ನೋಡ್ ಆನ್‌ಲೈನ್ ಇಲ್ಲದಿದ್ದರೆ ಕೇಳುವುದು ಯಾರನ್ನು? ಇಷ್ಟನ್ನು ಎಂಟು ಸಾಲಿನಲ್ಲಿ ಬರೆದರೆ ಅರ್ಜಿ ಓದುವವರು ಎದ್ದು ಕೂರುತ್ತಾರೆ.

ಈಗ ಮುಖ್ಯವಾದ ಮಾತು. ಕೇಳುವ ಮುನ್ನ ಕೆಲಸ ಕಣ್ಣಿಗೆ ಬೀಳಬೇಕು. ಈ ಕ್ಷೇತ್ರದ ನಿಧಿಗಳು ಪದವಿ ಪತ್ರಕ್ಕಿಂತ ಹೆಚ್ಚಾಗಿ, ಎಲ್ಲರೂ ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ ನಿನ್ನ ಇತಿಹಾಸ ನೋಡುತ್ತವೆ. ಅದರಲ್ಲೂ ನೀನು ಬರೆದ ಕೋಡ್‌ಗಿಂತ, ಬೇರೆಯವರ ಕೋಡನ್ನು ನೀನು ಹೇಗೆ ಓದಿದ್ದೀಯ ಎಂಬುದೇ ಹೆಚ್ಚು ತೂಗುತ್ತದೆ. ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಕೊರತೆ ಇರುವುದು ಪುಲ್ ರಿಕ್ವೆಸ್ಟ್‌ಗಳಿಗಲ್ಲ (ಕೋಡ್ ಬದಲಾವಣೆಯ ಪ್ರಸ್ತಾವಗಳಿಗಲ್ಲ), ಅವನ್ನು ಪರಿಶೀಲಿಸುವವರಿಗೆ. ಮುಂದಿನ ಮೂರು ತಿಂಗಳು, ಕೆಲಸ ಬಿಡದೆ, ವಾರಕ್ಕೊಂದರಂತೆ ಎಲ್‌ಎನ್‌ಡಿ ಅಥವಾ ಅದರಂಥದೇ ಇನ್ನೊಂದು ತಂತ್ರಾಂಶ ಕೋರ್ ಲೈಟ್ನಿಂಗ್‌ನ ಒಂದು ಪುಲ್ ರಿಕ್ವೆಸ್ಟ್ ಎತ್ತಿಕೊ. ನಿನ್ನ ಯಂತ್ರದಲ್ಲಿ ಬಿಲ್ಡ್ ಮಾಡು, ಪರೀಕ್ಷೆಗಳನ್ನು ಓಡಿಸು, ಏನು ನೋಡಿದೆ ಏನು ನೋಡಲಿಲ್ಲ ಎಂದು ಬರೆ. ‘ಚೆನ್ನಾಗಿದೆ’ ಎಂದಷ್ಟೇ ಬರೆದರೆ ಬರೆಯದ ಹಾಗೆಯೇ. ಹನ್ನೆರಡು ವಾರಕ್ಕೆ ಹನ್ನೆರಡು ಪರಿಶೀಲನೆ ಆಗುತ್ತದೆ, ಪ್ರಾಜೆಕ್ಟ್ ನೋಡಿಕೊಳ್ಳುವ ಒಬ್ಬಿಬ್ಬರು ಮೇಂಟೇನರ್‌ಗಳಿಗೆ ನಿನ್ನ ಹೆಸರು ಪರಿಚಯವಾಗುತ್ತದೆ. ಅರ್ಜಿಯ ಶಿಫಾರಸು ಕಾಲಂಗೆ ಹಾಕಬೇಕಾದ್ದು ಅವರ ಹೆಸರು, ಕಾಲೇಜಿನ ಮೇಷ್ಟ್ರದ್ದಲ್ಲ.

ಜೊತೆಗೆ ಸಾಧನದ ಒಂದು ಸಣ್ಣ ಭಾಗ ಓಡುವ ಸ್ಥಿತಿಯಲ್ಲಿರಲಿ. ರೆಗ್‌ಟೆಸ್ಟ್ (ನಿನ್ನ ಯಂತ್ರದಲ್ಲೇ ಓಡುವ ಪರೀಕ್ಷಾ ಬಿಟ್‌ಕಾಯಿನ್ ಜಾಲ) ಸಾಕು, ನಿಜವಾದ ಹಣ ಮುಟ್ಟಬೇಡ. ಎರಡು ನೋಡ್, ನಡುವೆ ಒಂದು ಚಾನೆಲ್, 20 ಪಾವತಿ, ಆಗ ಬ್ಯಾಕಪ್ ತೆಗೆ, ಮತ್ತೆ 20 ಪಾವತಿ, ಒಂದು ನೋಡ್‌ನ ಡೇಟಾ ಡೈರೆಕ್ಟರಿ ಅಳಿಸು, ಬ್ಯಾಕಪ್‌ನಿಂದ ಎಬ್ಬಿಸು. ಎದುರಿನ ನೋಡ್ ಚಾನೆಲ್ ಮುಚ್ಚಿತೇ, ನಲವತ್ತನೇ ಪಾವತಿಯ ನಂತರದ ಬಾಕಿ ಸರಿಯಾಗಿ ವ್ಯಾಲೆಟ್‌ಗೆ ಬಂತೇ? ಇದನ್ನೇ ಎದುರಿನ ನೋಡ್ ನಿಲ್ಲಿಸಿ ಇನ್ನೊಮ್ಮೆ ಮಾಡು. ಬೇರೆಯವರು ಒಂದೇ ಆಜ್ಞೆಯಲ್ಲಿ ಓಡಿಸುವಂತಿರಬೇಕು. ಲೈಸೆನ್ಸ್ ಫೈಲ್ ಮೊದಲ ಕಮಿಟ್‌ನಲ್ಲೇ ಇರಲಿ, ಎಂಐಟಿ ಅಥವಾ ಅಪಾಚೆ ಎಂಬ ಓಪನ್ ಸೋರ್ಸ್ ಲೈಸೆನ್ಸ್. ಭದ್ರತಾ ದೋಷ ಕಂಡವರು ಗುಟ್ಟಾಗಿ ತಿಳಿಸುವುದು ಹೇಗೆ ಎಂಬ ಸಣ್ಣ ಕಡತವೂ ಇರಲಿ.

ಮೂರು ವರ್ಷದ ಯೋಜನೆ ಯಾರೂ ನಂಬುವುದಿಲ್ಲ. ಆರು ತಿಂಗಳಿಗೆ ಕೇಳು. ಮೊದಲ ಎರಡು ತಿಂಗಳು ಎಲ್‌ಎನ್‌ಡಿ, ಮುಂದಿನ ಎರಡು ಕೋರ್ ಲೈಟ್ನಿಂಗ್, ಐದನೆಯದು ಎಲ್‌ಡಿಕೆ, ಆರನೆಯದು ದಾಖಲೆ ಮತ್ತು ದೋಷ ತಿದ್ದುವಿಕೆ. ಎಲ್‌ಡಿಕೆ ಬಗ್ಗೆ ಎಚ್ಚರ: ಅದು ಲೈಬ್ರರಿ, ಎಂದರೆ ಲೈಟ್ನಿಂಗ್ ಆ್ಯಪ್ ಕಟ್ಟಲು ಬಳಸುವ ಕೋಡ್, ಸಿದ್ಧ ನೋಡ್ ಅಲ್ಲ. ಸ್ಥಿತಿಯನ್ನು ಎಲ್ಲಿ, ಹೇಗೆ ಉಳಿಸಬೇಕು ಎಂಬುದು ಅದನ್ನು ಬಳಸುವ ಆ್ಯಪ್‌ನವರ ಕೈಯಲ್ಲಿದೆ. ಹಾಗಾಗಿ ‘ಎಲ್‌ಡಿಕೆ ಬೆಂಬಲ’ ಎಂದು ಬರೆಯದೆ, ಯಾವ ಮಾದರಿ ನೋಡ್ ಮೇಲೆ ಪರೀಕ್ಷೆ ಎಂದು ಸ್ಪಷ್ಟವಾಗಿ ಬರೆ. ಇಲ್ಲದಿದ್ದರೆ ಐದನೇ ತಿಂಗಳು ಎಂಟನೆಯದಾಗುತ್ತದೆ. ಪ್ರತಿ ಹಂತದ ಕೊನೆಗೂ ಬೇರೆಯವರು ಓಡಿಸಿ ಹೌದು-ಅಲ್ಲ ಎನ್ನಬಹುದಾದ ಒಂದು ವಸ್ತು ಇರಬೇಕು. ‘ಸಂಶೋಧನೆ ಮುಂದುವರಿಕೆ’ ಹಂತವಲ್ಲ.

ಬಜೆಟ್‌ನಲ್ಲಿ ನೀನು 2,40,000 ಡಾಲರ್ ಎಂದು ಒಂದೇ ಸಾಲು ಬರೆದಿದ್ದೀಯ. ಬಿಡಿಸಿ ಬರೆ. ಒಬ್ಬಳ ಪೂರ್ಣಾವಧಿ ಕೆಲಸಕ್ಕೆ ತಿಂಗಳಿಗೆ 1,50,000 ರೂಪಾಯಿ ಎಂದಿಟ್ಟುಕೊ, ಆರು ತಿಂಗಳಿಗೆ 9,00,000. ಸಂಬಳ ಕೊಡುವ ಕಂಪನಿ ಇಲ್ಲವಾದ್ದರಿಂದ ಆರೋಗ್ಯ ವಿಮೆ ನಿನ್ನದೇ, 20,000. ಮುಖ್ಯ ಜಾಲದ ಪೂರ್ಣ ನೋಡ್‌ಗೆ 2 ಟಿಬಿ ಎಸ್‌ಎಸ್‌ಡಿ ಬೇಕು, ಯಾಕೆಂದರೆ ಬಿಟ್‌ಕಾಯಿನ್ ಸರಪಳಿ 600 ಜಿಬಿ ದಾಟಿ ಬೆಳೆಯುತ್ತಲೇ ಇದೆ; ಅದಕ್ಕೆ 15,000. ಬಾಡಿಗೆ ಸರ್ವರ್ 12,000. ಆಡಿಟರ್ ಶುಲ್ಕ 25,000. ಒಟ್ಟು 9,72,000, ಅದರ ಮೇಲೆ ಹತ್ತು ಪರ್ಸೆಂಟ್ ಮೀಸಲು 97,200, ಕೂಡಿದರೆ 10,69,200. ತೆರಿಗೆ ನೀನೇ ಕಟ್ಟಬೇಕು, ಆದ್ದರಿಂದ ತಿಂಗಳ ಮೊತ್ತ ನಿರ್ಧರಿಸುವಾಗ ತೆರಿಗೆ ಕಳೆದು ಕೈಗೆ ಎಷ್ಟು ಉಳಿಯುತ್ತದೆ ಎಂದು ನೋಡು. ಈ ಅಂಕಿಗಳು ಅಂದಾಜು, ನಿನ್ನ ಬಾಡಿಗೆ-ಖರ್ಚು ಹಾಕಿ ತಿದ್ದಿಕೊ. ತೀರ ಕಡಿಮೆ ಕೇಳುವುದೂ ತಪ್ಪೇ: ನಾಲ್ಕನೇ ತಿಂಗಳಿಗೆ ಹಣ ಮುಗಿದು ಕೆಲಸ ಅರ್ಧಕ್ಕೆ ನಿಂತರೆ ಕೊಟ್ಟವರ ಹಣವೂ ಹೋಯಿತು.

ಯಾರನ್ನು ಕೇಳಬೇಕು? ನಿನ್ನ ಕೆಲಸಕ್ಕೆ ಮೊದಲು ನೆನಪಾಗುವುದು ಓಪನ್‌ಸ್ಯಾಟ್ಸ್. ಅಮೆರಿಕದ ನೋಂದಾಯಿತ ಧರ್ಮಾರ್ಥ ಸಂಸ್ಥೆ; ಟ್ವಿಟರ್ ಸ್ಥಾಪಕರಲ್ಲೊಬ್ಬನಾದ ಜ್ಯಾಕ್ ಡಾರ್ಸಿಯ ದಾನ ನಿಧಿ ಸ್ಟಾರ್ಟ್ ಸ್ಮಾಲ್ ಅದಕ್ಕೆ 2023ರಲ್ಲಿ 1 ಕೋಟಿ ಡಾಲರ್, 2024ರಲ್ಲಿ 2.1 ಕೋಟಿ ಡಾಲರ್ ಕೊಟ್ಟಿತು. ಹ್ಯೂಮನ್ ರೈಟ್ಸ್ ಫೌಂಡೇಶನ್‌ನ ಬಿಟ್‌ಕಾಯಿನ್ ಅಭಿವೃದ್ಧಿ ನಿಧಿ 2020ರಿಂದ ಇದೆ. ಅಲ್ಲಿ ಕೇಳುವುದಾದರೆ ಸಾಧಾರಣ ಬಳಕೆದಾರರ ಹಣ ಹೇಗೆ ಉಳಿಯುತ್ತದೆ ಎಂಬ ಕಡೆಯಿಂದ ಬರೆ. ಸ್ಪೈರಲ್, ಡಾರ್ಸಿಯ ಕಂಪನಿಯ ಬಿಟ್‌ಕಾಯಿನ್ ತಂಡ, 2019ರಲ್ಲಿ ಸ್ಕ್ವೇರ್ ಕ್ರಿಪ್ಟೋ ಎಂದು ಹುಟ್ಟಿದ್ದು, ಎಲ್‌ಡಿಕೆ ಅವರದೇ, ಹಾಗಾಗಿ ಐದನೇ ತಿಂಗಳ ಕೆಲಸ ಅವರಿಗೆ ಹತ್ತಿರ. ಬ್ರಿಂಕ್ ಎಂಬ ನಿಧಿ ಮುಖ್ಯವಾಗಿ ಬಿಟ್‌ಕಾಯಿನ್‌ನ ಮೂಲ ತಂತ್ರಾಂಶ ಬಿಟ್‌ಕಾಯಿನ್ ಕೋರ್ ಕಡೆಯದು, ನಿನಗೆ ಅಷ್ಟಾಗಿ ಹೊಂದುವುದಿಲ್ಲ. 2021ರಲ್ಲಿ ಡಾರ್ಸಿ ಮತ್ತು ರ್ಯಾಪ್ ಗಾಯಕ ಜೇ-ಝಡ್ 500 ಬಿಟ್‌ಕಾಯಿನ್ ಇಟ್ಟು ಬಿಟ್ರಸ್ಟ್ ಎಂಬ ನಿಧಿ ಪ್ರಕಟಿಸಿದಾಗ ಆಫ್ರಿಕಾ ಮತ್ತು ಭಾರತ ಎಂದೇ ಹೇಳಿದ್ದರು. ಆದರೆ ಅದರ ಕೆಲಸ ಬೇರೂರಿದ್ದು ಆಫ್ರಿಕಾದಲ್ಲಿ. ಆ ಹಳೆಯ ಮಾತಿನ ಮೇಲೆ ಲೆಕ್ಕ ಹಾಕಬೇಡ. ನಿನ್ನ ತಮ್ಮ ಇನ್ನೂ ಓದುತ್ತಿದ್ದಾನಲ್ಲ, ಸಮ್ಮರ್ ಆಫ್ ಬಿಟ್‌ಕಾಯಿನ್ ಎಂಬ ಇಂಟರ್ನ್‌ಶಿಪ್ ವಿದ್ಯಾರ್ಥಿಗಳಿಗೇ ಇರುವುದು, ಅವನಿಗೆ ಹೇಳು.

ಮನೆ ಬಾಗಿಲಲ್ಲೇ ಇನ್ನೊಂದಿದೆ. ಬೆಂಗಳೂರಿನ ಝೆರೋಧಾ 2024ರ ಅಕ್ಟೋಬರ್‌ನಲ್ಲಿ ಫ್ಲಾಸ್ ಫಂಡ್ ಆರಂಭಿಸಿತು. ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್, ಒಂದಕ್ಕೆ 10,000ದಿಂದ 1,00,000 ಡಾಲರ್‌ವರೆಗೆ. ಅಲ್ಲಿ ಕೇಳಬೇಕಾದರೆ ಫಂಡಿಂಗ್ ಡಾಟ್ ಜೆಸನ್ ಎಂಬ ಕಡತದಲ್ಲಿ ಪ್ರಾಜೆಕ್ಟ್, ಬೇಕಾದ ಮೊತ್ತ, ಹಣ ಪಡೆಯುವ ದಾರಿ ಬರೆದು ನಿನ್ನ ರೆಪೊಸಿಟರಿ ಅಥವಾ ಜಾಲತಾಣದಲ್ಲಿ ಇಡಬೇಕು. ಅದು ಈಗಾಗಲೇ ಬಳಕೆಯಲ್ಲಿರುವ ಕೆಲಸಕ್ಕೆ ಹೊಂದುತ್ತದೆ, ಇನ್ನೂ ಹುಟ್ಟದ್ದಕ್ಕಲ್ಲ. ಈ ವರ್ಷಕ್ಕೆ ಬೇಡ.

ಅರ್ಜಿ ಬರೆಯುವ ಕ್ರಮ ಕಲಿಯಲು ಮೊನೆರೋ ಎಂಬ ಕ್ರಿಪ್ಟೋ ನಾಣ್ಯದ ಸಮುದಾಯ ನಿಧಿ ವ್ಯವಸ್ಥೆಯ ಹಳೆಯ ಪ್ರಸ್ತಾವಗಳನ್ನು ಓದು. ಎಷ್ಟು ಗಂಟೆ, ಗಂಟೆಗೆ ಎಷ್ಟು, ಯಾವ ಹಂತಕ್ಕೆ ಎಷ್ಟು ಬಿಡುಗಡೆ ಎಂಬುದು ಎಲ್ಲರ ಕಣ್ಣೆದುರೇ ಚರ್ಚೆಯಾಗುತ್ತದೆ. ಅದೇ ವ್ಯವಸ್ಥೆಯ ವ್ಯಾಲೆಟ್‌ನಿಂದ 2023ರ ಸೆಪ್ಟೆಂಬರ್ 1ರಂದು 2,675.73 ಎಕ್ಸ್‌ಎಂಆರ್ (ಮೊನೆರೋ ನಾಣ್ಯ) ಕಳುವಾಯಿತು, ಹೊರಗೆ ತಿಳಿದದ್ದು ನವೆಂಬರ್‌ನಲ್ಲಿ. ನಾಳೆ ನಿನ್ನ ಪ್ರಾಜೆಕ್ಟ್‌ಗೆ ಜನ ದೇಣಿಗೆ ಕಳಿಸಿದರೆ ಆ ಹಣ ಒಂದೇ ಕೀಲಿಯಲ್ಲಿ ಇರಬಾರದು. ಮೂರು ಕೀಲಿ, ಯಾವುದಾದರೂ ಎರಡು ಬೇಕು ಎಂಬ ಮಲ್ಟಿಸಿಗ್ ಮಾಡು, ಮೂರೂ ಒಂದೇ ಮನೆಯಲ್ಲಿ ಬೇಡ.

ಒಬ್ಬರ ಹಣದ ಮೇಲೆಯೇ ಬಹಳ ಕಾಲ ನಿಲ್ಲಬೇಡ. ಬಿಟ್‌ಕಾಯಿನ್ ಫೌಂಡೇಶನ್ ಮುಖ್ಯ ಡೆವಲಪರ್‌ಗಳಿಗೆ ಸಂಬಳ ಕೊಡುತ್ತಿತ್ತು. 2015ರಲ್ಲಿ ಅದರ ಕೈ ಬರಿದಾದಾಗ ಮೂವರನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡಿಜಿಟಲ್ ಕರೆನ್ಸಿ ವಿಭಾಗ ಸೇರಿಸಿಕೊಳ್ಳಬೇಕಾಯಿತು. ಎರಡನೇ ಅವಧಿಯಿಂದ ಇನ್ನೊಬ್ಬ ದಾನಿಯನ್ನೂ ಹುಡುಕು. ಒಂದೇ ಕೆಲಸಕ್ಕೆ ಇಬ್ಬರಿಂದ ಹಣ ಪಡೆದರೆ ಅದನ್ನು ಇಬ್ಬರಿಗೂ ಮೊದಲೇ ತಿಳಿಸು. ಮುಚ್ಚಿಟ್ಟದ್ದು ಗೊತ್ತಾದರೆ ಎರಡೂ ಬಾಗಿಲು ಮುಚ್ಚುತ್ತವೆ.

ಹಣ ಬರುವ ದಾರಿಯ ಬಗ್ಗೆ ನಿನ್ನ ಕರಡಿನಲ್ಲಿ ಒಂದಕ್ಷರವೂ ಇಲ್ಲ. ಇಲ್ಲಿಯೇ ನಮ್ಮ ದೇಶದ ಹುಡುಗ-ಹುಡುಗಿಯರು ಹೆಚ್ಚು ಸಿಕ್ಕಿಬೀಳುವುದು. ಆಯ್ಕೆ ಕೊಟ್ಟರೆ ಬ್ಯಾಂಕ್ ಮೂಲಕ ಡಾಲರ್‌ನಲ್ಲೇ ಪಡೆ. ಒಪ್ಪಂದದಲ್ಲಿ ನೀನು ಮಾಡುವ ಕೆಲಸ, ಅದಕ್ಕೆ ಕೊಡುವ ಶುಲ್ಕ ಎಂದು ಸ್ಪಷ್ಟವಾಗಿರಲಿ. ಬ್ಯಾಂಕಿನವರು ಅದನ್ನು ದೇಣಿಗೆ ಎಂದು ಗುರುತಿಸಿಬಿಟ್ಟರೆ ವಿದೇಶಿ ವಂತಿಗೆ ಕಾಯಿದೆಯ ಪ್ರಶ್ನೆ ಏಳುತ್ತದೆ. ಆ ಕಾಯಿದೆ ಸಂಘ-ಸಂಸ್ಥೆಗಳಿಗಷ್ಟೇ ಅಲ್ಲ, ವ್ಯಕ್ತಿಗಳಿಗೂ ಅನ್ವಯಿಸುತ್ತದೆ. ವಿದೇಶಿ ಹಣ ಬಂದ ಪ್ರಮಾಣಪತ್ರವನ್ನು ಪ್ರತಿ ಸಲವೂ ಕೇಳಿ ಪಡೆದು ಇಟ್ಟುಕೊ. ಜಿಎಸ್‌ಟಿಯಲ್ಲಿ ಸೇವಾ ರಫ್ತು ಎನಿಸಿಕೊಳ್ಳಲು ಹಣ ವಿದೇಶಿ ವಿನಿಮಯದಲ್ಲಿ ಬರಬೇಕು, ಇಲ್ಲವೇ ರಿಸರ್ವ್ ಬ್ಯಾಂಕ್ ಒಪ್ಪಿದ ಕಡೆ ರೂಪಾಯಿಯಲ್ಲಿ. ಬಿಟ್‌ಕಾಯಿನ್ ಎರಡೂ ಅಲ್ಲ.

ಬಿಟ್‌ಕಾಯಿನ್‌ನಲ್ಲೇ ಕೊಡುತ್ತೇವೆ ಎಂದರೆ ಈ ಲೆಕ್ಕ ನೋಡು. ಬಂದ ದಿನ ಅದರ ಬೆಲೆ 4,00,000 ರೂಪಾಯಿ ಇದ್ದರೆ ಅಷ್ಟೂ ನಿನ್ನ ಆದಾಯ, ತೆರಿಗೆ ನಿನ್ನ ದರದಲ್ಲಿ. ಮಾರುವ ಹೊತ್ತಿಗೆ 5,00,000 ಆಗಿದ್ದರೆ ಆ ಒಂದು ಲಕ್ಷ ಲಾಭಕ್ಕೆ 30 ಪರ್ಸೆಂಟ್ ಮತ್ತು ಸೆಸ್. 2022ರ ಏಪ್ರಿಲ್‌ನಿಂದ ಬಂದ ನಿಯಮ. 3,00,000ಕ್ಕೆ ಇಳಿದಿದ್ದರೆ? ಒಂದು ಲಕ್ಷ ನಷ್ಟವನ್ನು ಯಾವ ಆದಾಯದ ಎದುರೂ ಕಳೆಯುವಂತಿಲ್ಲ, ನಾಲ್ಕು ಲಕ್ಷಕ್ಕೆ ತೆರಿಗೆ ಹಾಗೆಯೇ ಉಳಿಯುತ್ತದೆ. ಆದ್ದರಿಂದ ತೆರಿಗೆಯ ಪಾಲು ಮತ್ತು ಆ ತಿಂಗಳ ಖರ್ಚನ್ನು ಬಂದ ದಿನವೇ ರೂಪಾಯಿ ಮಾಡಿಕೊ. ಮಾರುವುದು ಭಾರತದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿದ ಎಕ್ಸ್‌ಚೇಂಜ್‌ನಲ್ಲಿ ಮಾತ್ರ. ಅಲ್ಲಿ ಒಂದು ಪರ್ಸೆಂಟ್ ಟಿಡಿಎಸ್ ಕಡಿತವಾಗುವುದನ್ನೂ ಲೆಕ್ಕದಲ್ಲಿಡು. ಎರಡು ರೂಪಾಯಿ ಹೆಚ್ಚು ಸಿಗುತ್ತದೆಂದು ಅಪರಿಚಿತರಿಗೆ ನೇರವಾಗಿ ಮಾರಬೇಡ. ಅವರು ಕಳಿಸಿದ್ದು ಯಾರೋ ಮೋಸಹೋದವರ ಹಣವಾಗಿದ್ದರೆ, ಸೈಬರ್ ದೂರಿನ ಮೇಲೆ ನಿನ್ನ ಖಾತೆಯೇ ಸ್ತಂಭಿಸುತ್ತದೆ, ಬಿಡಿಸಿಕೊಳ್ಳಲು ತಿಂಗಳುಗಳೇ ಬೇಕು. ಇದನ್ನೆಲ್ಲ ಒಪ್ಪಂದಕ್ಕೆ ಸಹಿ ಹಾಕುವ ಮುನ್ನವೇ ಆಡಿಟರ್ ಮುಂದಿಡು.

ಈಗಿನ ಕೆಲಸದ ಒಪ್ಪಂದವನ್ನು ಇವತ್ತೇ ತೆಗೆದು ಓದು. ನೌಕರಿಯಲ್ಲಿರುವಾಗ ಬರೆದದ್ದೆಲ್ಲ ಕಂಪನಿಗೆ ಸೇರಿದ್ದು ಎಂಬ ಸಾಲು ಬೆಂಗಳೂರಿನ ಬಹಳಷ್ಟು ಒಪ್ಪಂದಗಳಲ್ಲಿ ಇರುತ್ತದೆ. ಇದ್ದರೆ, ಈ ಪ್ರಾಜೆಕ್ಟ್‌ನ ಹೆಸರು ಹಾಕಿ ಲಿಖಿತ ಅನುಮತಿ ಪಡೆ, ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ಒಂದು ಸಾಲೂ ಬರೆಯಬೇಡ. ನಿನ್ನದಲ್ಲದ ಕೋಡ್‌ಗೆ ಎಂಐಟಿ ಲೈಸೆನ್ಸ್ ಹಚ್ಚಿದರೆ ಅದನ್ನು ಬಳಸಿದವರೆಲ್ಲರಿಗೂ ತೊಂದರೆ. ರಾಜೀನಾಮೆ, ಮೊದಲ ಕಂತು ಖಾತೆಗೆ ಬಂದ ಮೇಲೆ.

ಅರ್ಜಿ ಹಾಕಿದ್ದು ಹೊರಗೆ ಗೊತ್ತಾದರೆ ಮೋಸಗಾರರೂ ಬರುತ್ತಾರೆ. ಗ್ರಾಂಟ್ ಮಂಜೂರಾಗಿದೆ, ಶುಲ್ಕ ಕಟ್ಟಿ ಎನ್ನುವವರು ಕಳ್ಳರು. ನಿಜವಾದ ನಿಧಿ ಹಣವನ್ನೂ ಕೇಳುವುದಿಲ್ಲ, ವ್ಯಾಲೆಟ್ ತೆರೆಯುವ ಗುಟ್ಟಿನ ಸೀಡ್ ಪದಗಳನ್ನೂ ಕೇಳುವುದಿಲ್ಲ. ಸಂದರ್ಶನದ ಪರೀಕ್ಷೆ ಎಂದು ಒಂದು ರೆಪೊಸಿಟರಿ ಕೊಟ್ಟು ಓಡಿಸಲು ಹೇಳಿ, ಅದರೊಳಗಿನ ಪ್ಯಾಕೇಜ್‌ನಿಂದ ವ್ಯಾಲೆಟ್ ಕದಿಯುವುದು ಕ್ರಿಪ್ಟೋ ಡೆವಲಪರ್‌ಗಳ ಮೇಲೆಯೇ ನಡೆಯುತ್ತಿರುವ ದಾಳಿ. ಅಪರಿಚಿತ ಕೋಡ್ ಓಡಿಸಲೇಬೇಕಾದರೆ ಕೀಲಿಗಳಿಲ್ಲದ ವರ್ಚುವಲ್ ಮೆಷೀನ್‌ನಲ್ಲಿ ಓಡಿಸು.

ಮೊದಲ ಸಲ ಇಲ್ಲ ಎಂದರೆ ಎದೆಗುಂದಬೇಡ. ಏನು ಕಡಿಮೆಯಾಯಿತು ಎಂದು ಒಂದೇ ಸಾಲಿನಲ್ಲಿ ಕೇಳು. ಉತ್ತರ ಬಂದರೆ ಅದನ್ನು ಮಾಡಿ ತೋರಿಸಿ ಮತ್ತೆ ಹಾಕು, ಬಾರದಿದ್ದರೆ ಪರಿಶೀಲನೆಯ ಕೆಲಸ ಮುಂದುವರಿಸು. ಸಿಕ್ಕಿದರೆ, ಮೂರು ತಿಂಗಳಿಗೊಮ್ಮೆ ವರದಿ ಅವರು ಕೇಳುವ ಮುನ್ನವೇ ಹೋಗಲಿ, ತಡವಾದ ಹಂತ ಯಾವುದು, ಯಾಕೆ ಎಂಬುದು ಅದರ ಮೊದಲ ಸಾಲಿನಲ್ಲೇ ಇರಲಿ.

ಈ ಭಾನುವಾರದೊಳಗೆ ಎರಡು ಪುಟಕ್ಕೆ ಇಳಿಸಿದ ಕರಡು ಮತ್ತು ಬಿಡಿಸಿದ ಬಜೆಟ್ ಕಳಿಸು. ಕೆಲಸದ ಒಪ್ಪಂದದ ಆ ಪುಟದ ಫೋಟೋ ಮಾತ್ರ ಇವತ್ತೇ ಬರಲಿ.

ಇತಿ,
ನಿನ್ನ ಸೋದರಮಾವ