ಹೊನ್ನೇಮರಡಿನ ಆ ಗೆಳೆಯನಿಗೆ

ಕಳೆದ ಫೆಬ್ರವರಿಯಲ್ಲಿ ಸಾಗರದಿಂದ ಶರಾವತಿ ಹಿನ್ನೀರಿನ ಹೊನ್ನೇಮರಡಿಗೆ ಬಂದಿದ್ದ ಅಪ್ಪ, ಮಗಳು ನಾವು. ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಅದಕ್ಕೇ ಹೀಗೆ ಬರೆಯುತ್ತಿದ್ದೇನೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಮುಳುಗಿದ ಗುಡ್ಡಗಳ ತಲೆಗಳೇ ಈ ದ್ವೀಪಗಳು ಅಂತ ಹುಟ್ಟು ಹಾಕುತ್ತಾ ಹೇಳಿದಿರಿ. ನಿಮ್ಮ ಅಜ್ಜನ ಗದ್ದೆ ಇದ್ದ ಕಡೆ ಬೆರಳು ತೋರಿಸಿದಿರಿ. ಅಲ್ಲಿ ಬರೀ ನೀರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಅದರ ಮುಂದಿನ ತಿಂಗಳು ಸಮುದ್ರದ ನಡುವಿನ ನೇತ್ರಾಣಿ ದ್ವೀಪಕ್ಕೆ ಸ್ನಾರ್ಕೆಲಿಂಗ್‌ಗೆ, ಅಂದರೆ ಮಾಸ್ಕ್, ಉಸಿರಾಟದ ಕೊಳವೆ ಹಾಕಿ ಮುಖ ನೀರಿಗಿಟ್ಟು ತೇಲುವುದಕ್ಕೆ, ಹೊರಟಿದ್ದೆವು. ಆದರೆ ಅಭ್ಯಾಸಕ್ಕೆ ಅಂತ ನಿಮ್ಮಲ್ಲಿ ಮಾಸ್ಕ್ ಹಾಕಿದ ತಕ್ಷಣ ಮಗಳಿಗೆ ಉಸಿರು ಕಟ್ಟಿದ ಹಾಗಾಗಿ ಅಳು ಬಂತು. ನೀವು ಅವಸರ ಮಾಡಲಿಲ್ಲ. ದ್ವೀಪದ ಅಂಚಿನಲ್ಲಿ ಮೊಣಕಾಲುದ್ದ ನೀರಲ್ಲಿ ಕೂರಿಸಿದಿರಿ. ಗಾಜಿನ ಒಳಗೆ ಎಂಜಲು ಸವರಿ ತೊಳೆದರೆ ಮಂಜು ಕಟ್ಟುವುದಿಲ್ಲ ಅಂತ ಮಾಡಿ ತೋರಿಸಿದಿರಿ. ‘ಮೂಗು ಮರೆತುಬಿಡು ಪುಟ್ಟಿ, ಬಾಯಲ್ಲೇ ನಿಧಾನ ಉಸಿರಾಡು’ ಅಂದಿರಿ. ಕೊಳವೆಗೆ ನೀರು ನುಗ್ಗಿದರೆ ಜೋರಾಗಿ ಊದಿ ಹೊರಹಾಕುವುದನ್ನು ಹತ್ತು ಸಲವಾದರೂ ಮಾಡಿಸಿದಿರಿ. ಅಷ್ಟು ಹೊತ್ತೂ ನಿಮ್ಮ ಕೈ ಅವಳ ಲೈಫ್ ಜಾಕೆಟ್ ಪಟ್ಟಿ ಬಿಡಲೇ ಇಲ್ಲ. ನಾನು ಅದನ್ನೇ ನೋಡುತ್ತಿದ್ದೆ.

ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋದೆವು. ಅವಳು ಮುಖ ನೀರಿಗಿಟ್ಟು ಆರಾಮಾಗಿ ತೇಲಿದಳು. ಹವಳದ ಮೇಲೆ ಪಟ್ಟೆಪಟ್ಟೆ ಮೀನುಗಳ ಹಿಂಡು. ಮೇಲೆ ಬಂದವಳೇ ಕೇಳಿದ್ದು, ‘ಆ ಮಾಮನಿಗೆ ಹೇಳಬೇಕು ಅಲ್ವಾ?’

ದುಡ್ಡು ಕೊಡಲು ಬಂದರೆ ‘ಸುಮ್ನಿರಿ ಸಾರ್’ ಅಂತ ದೋಣಿ ತಿರುಗಿಸಿಬಿಟ್ಟಿರಿ. ತುಂಬಾ ತುಂಬಾ ಥ್ಯಾಂಕ್ಸ್. ಅವಳು ಬಿಡಿಸಿದ ಮೀನಿನ ಚಿತ್ರ ಒಂದಿದೆ, ನಿಮಗೇ ಅಂತ ಎತ್ತಿಟ್ಟಿದ್ದಾಳೆ. ಮಳೆ ಮುಗಿದ ಮೇಲೆ ತರುತ್ತೇವೆ.