ವದಂತಿ ರಾತ್ರಿ ಒಂಬತ್ತಕ್ಕೆ, ಸ್ಪಷ್ಟನೆ ಮರುದಿನ ಮಧ್ಯಾಹ್ನಕ್ಕೆ!

ಮಾನ್ಯ ಸಂಪಾದಕರೇ,

ಕುಡಿಯುವ ನೀರಿಗೆ ವಿಷ ಬೆರೆಸಿದ್ದಾರೆ ಎಂಬ ವದಂತಿಯ ಬಗ್ಗೆ ನಿನ್ನೆ ನಿಮ್ಮಲ್ಲಿ ವರದಿ ಬಂದಿದೆ. ‘ಕೆಲಕಾಲ ಗೊಂದಲ ಉಂಟಾಗಿತ್ತು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಕೆಲಕಾಲವಂತೆ! ನಮ್ಮ ಮನೆಯಲ್ಲಿ ಅದು ಇನ್ನೂ ಇಳಿದಿಲ್ಲ.

ರಾತ್ರಿ ಒಂಬತ್ತಕ್ಕೆ ಮೊದಲ ಮೆಸೇಜ್ ಬಂತು. ನಲವತ್ತು ಸೆಕೆಂಡಿನ ಆಡಿಯೊ. ಹೆಂಗಸೊಬ್ಬರು ಅಳುತ್ತಾ ‘ನಲ್ಲಿ ನೀರು ಮುಟ್ಟಬೇಡಿ, ಆಸ್ಪತ್ರೆ ತುಂಬಿಹೋಗಿದೆ’ ಎನ್ನುತ್ತಾರೆ. ಯಾವ ಆಸ್ಪತ್ರೆ, ಯಾವತ್ತು, ಏನೂ ಇಲ್ಲ. ಹತ್ತು ಗಂಟೆಯೊಳಗೆ ಅದೇ ಅಳು ಆರು ಗ್ರೂಪ್‌ಗಳಲ್ಲಿ. ಮೇಲೆ ಎರಡು ಬಾಣದ ಗುರುತು ಇತ್ತು. ಅಂದರೆ ಎಷ್ಟೋ ಕೈ ದಾಟಿ ಬಂದದ್ದು ಅಂತ ಅರ್ಥ. ಅದನ್ನೆಲ್ಲ ಆ ಹೊತ್ತಿನಲ್ಲಿ ಯಾರು ನೋಡುತ್ತಾರೆ? ತುಂಬಿದ್ದ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿದೆ. ಅಮ್ಮ ರಾತ್ರಿಯ ಮಾತ್ರೆಯನ್ನು ಅಂಗೈಯಲ್ಲಿ ಹಿಡಿದು ಕೂತೇ ಇದ್ದರು, ನುಂಗಲು ಗುಟುಕು ನೀರಿಲ್ಲ. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಟ್ಯಾಂಕ್ ತುಂಬಿಸಲು ಹೊರಟಿದ್ದರಿಂದ ನಲ್ಲಿಯಲ್ಲಿ ಬರೀ ಗಾಳಿ. ಮುಖ ತೊಳೆಯದೆ ಕೆಲಸಕ್ಕೆ ಹೋದೆ. ಅಲ್ಲೂ ಅದೇ ಆಡಿಯೊ ಕೇಳಿಸುತ್ತಿದ್ದರು!

ಆಮೇಲೆ ಗೊತ್ತಾಯಿತು, ಎರಡು ವರ್ಷದ ಹಿಂದೆಯೂ ಇದು ಓಡಾಡಿತ್ತಂತೆ. ಅದೇ ದನಿ, ಅದೇ ಅಳು. ಕೆಳಗೆ ಬರೆದ ಊರಿನ ಹೆಸರು ಮಾತ್ರ ಬೇರೆ.

ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಓಡಾಡಿದ ಸುಮಾರು 1,26,000 ಸುದ್ದಿಗಳನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಜಾಲಾಡಿ, 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದಿದ್ದರು. ನಿಜಕ್ಕಿಂತ ಸುಳ್ಳನ್ನು ಮುಂದಕ್ಕೆ ತಳ್ಳುವ ಸಾಧ್ಯತೆ ಶೇ 70ರಷ್ಟು ಜಾಸ್ತಿಯಂತೆ. ಅದಕ್ಕೆ ಮುಖ್ಯ ಕಾರಣ ತಾವಾಗಿಯೇ ಪೋಸ್ಟ್ ಹಾಕುವ ಬಾಟ್ ಎಂಬ ಪ್ರೋಗ್ರಾಂಗಳಲ್ಲ, ಮನುಷ್ಯರೇ. 2020ರಲ್ಲಿ ಬ್ರಿಟನ್ನಿನಲ್ಲಿ 5ಜಿಯಿಂದ ಕೊರೊನಾ ಬರುತ್ತದೆಂದು ನಂಬಿ ಮೊಬೈಲ್ ಟವರ್‌ಗಳಿಗೇ ಬೆಂಕಿ ಹಚ್ಚಿದರು. ಅದೇ ವರ್ಷ ವಾಟ್ಸ್‌ಆ್ಯಪ್, ಜಾಸ್ತಿ ಕೈ ದಾಟಿದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು ಎಂದು ಮಿತಿ ಹಾಕಿತು. ನಮ್ಮ ಜನ ಬಿಡುತ್ತಾರೆಯೇ? ಒಂದೊಂದಾಗಿ ಕೂತು ಒತ್ತಿದರು. ನಾನೂ ಎರಡು ಗ್ರೂಪ್‌ಗೆ ಕಳಿಸಿದೆ, ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಡಿಲೀಟ್ ಮಾಡುವಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು.

ಆದರೆ ನಮ್ಮ ಅಧಿಕಾರಿಗಳು ಅಷ್ಟು ಹೊತ್ತು ಎಲ್ಲಿದ್ದರು? ಸಹಾಯವಾಣಿಗೆ ನಾಲ್ಕು ಸಲ ಫೋನ್ ಮಾಡಿದೆ. ಮೂರು ಸಲ ಎತ್ತಲಿಲ್ಲ. ನಾಲ್ಕನೇ ಸಲ ಎತ್ತಿದವರು ‘ನಾಳೆ ಕಚೇರಿ ವೇಳೆಯಲ್ಲಿ ಮಾಡಿ’ ಎಂದರು. ವಿಷವೂ ಕಚೇರಿ ವೇಳೆ ನೋಡಿಕೊಂಡೇ ಬರಬೇಕು ಅಂತ ಕಾಣುತ್ತದೆ. ಸ್ಪಷ್ಟನೆ ಬಂದಿದ್ದು ಮರುದಿನ ಮಧ್ಯಾಹ್ನ. ಓರೆಯಾಗಿ ಸ್ಕ್ಯಾನ್ ಮಾಡಿದ ಒಂದು ಹಾಳೆ. ‘ನೀರು ಸುರಕ್ಷಿತವಾಗಿದೆ’ ಎಂಬ ಸಾಲಿನ ಮೇಲೆಯೇ ದುಂಡನೆ ಸೀಲು ಒತ್ತಿದ್ದಾರೆ. ಓದಲು ಭೂತಗನ್ನಡಿ ಬೇಕು. ಆ ಅಳುವ ಆಡಿಯೊ ಮಾಡಿದವರನ್ನು ಕರೆದು ಇವರಿಗೆ ಸ್ವಲ್ಪ ತರಬೇತಿ ಕೊಡಿಸಬಾರದೇ?

ಹೋದ ವರ್ಷ ಪೈಪಿಗೆಂದು ಅಗೆದ ಗುಂಡಿ ಹಾಗೆಯೇ ಬಾಯಿ ಬಿಟ್ಟುಕೊಂಡಿದೆ. ಬೀದಿದೀಪದ ಬಗ್ಗೆ ದೂರು ಕೊಟ್ಟರೆ, ‘ನಿಮ್ಮ ದೂರು ಬಗೆಹರಿದಿದೆ’ ಎಂದು ಮೊಬೈಲಿಗೆ ಮೆಸೇಜ್ ಬಂತು. ಕತ್ತಲೆಯಲ್ಲೇ ನಿಂತು ಅದನ್ನು ಓದಿದೆ. ಇದೂ ಸುಳ್ಳು ಸುದ್ದಿಯೇ ಅಲ್ವಾ? ಇದನ್ನು ಹರಡಿದವರ ಮೇಲೆ ಯಾವ ಠಾಣೆಗೆ ಹೋಗಬೇಕು? ಇಂಥವರು ‘ನೀರು ಚೆನ್ನಾಗಿದೆ’ ಎಂದರೆ ನಂಬುವುದಕ್ಕಿಂತ ಅಳುವ ಹೆಂಗಸನ್ನು ನಂಬುವುದೇ ಸಲೀಸು ಅನಿಸಿತು, ಏನು ಮಾಡಲಿ?

ಆಡಿಯೊ ಮಾಡಿದವರನ್ನು ಹಿಡಿಯಲಿ. ವಾಟ್ಸ್‌ಆ್ಯಪ್‌ನಂಥ ಕಂಪನಿಗಳ ಕಿವಿಯನ್ನೂ ಹಿಂಡಲಿ. ಸಹಾಯವಾಣಿ ಎಂದು ಹೆಸರಿಟ್ಟುಕೊಂಡವರು ರಾತ್ರಿ ಫೋನ್ ಎತ್ತಲಿ, ಇಲ್ಲದಿದ್ದರೆ ಆ ನಂಬರನ್ನಾದರೂ ಅಳಿಸಲಿ. ಗುಂಡಿಯನ್ನೂ ಮುಚ್ಚಲಿ. ಒಟ್ಟಿನಲ್ಲಿ ಯಾರಾದರೂ ಏನಾದರೂ ಮಾಡಲಿ, ಸುಮ್ನೆ ಸೀಲು ಒತ್ತುತ್ತಾ ಕೂರುವುದು ಬೇಡ.

– ಟ್ಯಾಂಕ್ ಖಾಲಿ ಮಾಡಿದ ಓದುಗ