ಒಂದೂವರೆ ತಿಂಗಳಿಗೆ ಐದೇ ಅಂಗಿ ಸಾಕು ಮಾರಾಯಾ

ಗೆಳೆಯಾ,

ಮಂಚದ ಮೇಲೆ ನೀನು ಹರಡಿಟ್ಟ ಬಟ್ಟೆಗಳ ಫೋಟೊ ನೋಡಿದೆ. ಈ ಚಳಿಗಾಲದಲ್ಲಿ ಒಂದೂವರೆ ತಿಂಗಳು ಉತ್ತರ ಭಾರತದ ಕಡೆ ತಿರುಗಾಡಿ ಬರುವುದಕ್ಕೆ ಹೊರಟಿದ್ದೀಯೋ, ಅಲ್ಲೇ ಬಟ್ಟೆ ಅಂಗಡಿ ಹಾಕುವುದಕ್ಕೋ? ಕಾರವಾರದಲ್ಲಿ ಮಂಗಲಾ ಎಕ್ಸ್‌ಪ್ರೆಸ್ ಹತ್ತುವಾಗ ಸಾಮಾನು ಎತ್ತಿಕೊಡಲು ಮಗ ಇರುತ್ತಾನೆ, ಸರಿ. ದಿಲ್ಲಿಯ ನಿಜಾಮುದ್ದೀನ್‌ ಸ್ಟೇಷನ್ನಿನಲ್ಲಿ ಇಳಿದ ಮೇಲೆ ಯಾರು? ಸ್ಲೀಪರ್‌ನಲ್ಲಿ ಒಬ್ಬರಿಗೆ 40 ಕೆ.ಜಿ. ಒಯ್ಯಲು ರೈಲ್ವೆಯವರು ಬಿಡುತ್ತಾರೆ, ಆದರೆ ಅದನ್ನು ಹೊತ್ತು ಮೆಟ್ಟಿಲು ಹತ್ತಬೇಕಾದದ್ದು ನಿನ್ನ ಮೊಣಕಾಲು. ಇನ್ನು ಕಾಲ್ಕಾದಿಂದ ಶಿಮ್ಲಾಕ್ಕೆ ಹೋಗುವ ರೈಲಿನ ಹಳಿಯ ಅಗಲವೇ ಎರಡೂವರೆ ಅಡಿ. ಅಂಥ ಡಬ್ಬಿಯಲ್ಲಿ ನಿನ್ನ ಆ ದೊಡ್ಡ ಸೂಟ್‌ಕೇಸನ್ನು ಎಲ್ಲಿ ಇಡುತ್ತೀ?

ಎಷ್ಟು ದಿನದ ಪ್ರವಾಸ ಅಂತ ಎಣಿಸಬೇಡ. ಎಷ್ಟು ದಿನಕ್ಕೊಮ್ಮೆ ಒಗೆಯುತ್ತೀ ಅಂತ ಎಣಿಸು. ನಾಲ್ಕು ದಿನಕ್ಕೊಮ್ಮೆ ಒಗೆಯುವುದಾದರೆ ಐದು ಅಂಗಿ ಧಾರಾಳ ಆಯ್ತು, ಹತ್ತು ದಿನ ಹೋದರೂ ಅಷ್ಟೇ, ಒಂದೂವರೆ ತಿಂಗಳು ಹೋದರೂ ಅಷ್ಟೇ.

ಮೊದಲು ಪ್ಯಾಂಟ್ ಆರಿಸು. ಒಂದು ಕಪ್ಪು, ಒಂದು ಬೂದು, ಒಂದು ಖಾಕಿ. ಆಮೇಲೆ ಒಂದೊಂದೇ ಅಂಗಿ ತೆಗೆದು ಮೂರರ ಪಕ್ಕಕ್ಕೂ ಇಟ್ಟು ನೋಡು, ಅದೂ ಟ್ಯೂಬ್‌ಲೈಟಿನಲ್ಲಲ್ಲ, ಜಗಲಿಗೆ ತಂದು ಬೆಳಕಿನಲ್ಲಿ. ಮೂರಕ್ಕೂ ಹೊಂದಿದರೆ ಬ್ಯಾಗಿಗೆ, ಒಂದಕ್ಕೆ ಮಾತ್ರ ಹೊಂದಿದರೆ ಕಪಾಟಿಗೆ ವಾಪಸ್. ಮೂರು ಪ್ಯಾಂಟ್, ಐದು ಅಂಗಿ ಅಂದರೆ 15 ಜೋಡಿ. ಮೇಲೊಂದು ತೋಳಿಲ್ಲದ ಸ್ವೆಟರ್ ಇದ್ದರೆ ಹಾಕಿದಾಗ ಒಂದು ನಮೂನೆ, ಬಿಟ್ಟಾಗ ಒಂದು ನಮೂನೆ, 30 ಆಯ್ತು. ಫೋಟೊದಲ್ಲಿ ಆ ಹಸಿರು-ಕೇಸರಿ ಚೌಕಳಿ ಅಂಗಿ ಇದೆಯಲ್ಲ, ಅದು ಯಾವ ಪ್ಯಾಂಟಿನ ಜೊತೆಗೂ ಸಂಸಾರ ಮಾಡುವುದಲ್ಲ. ಅಳಿಯ ಕೊಟ್ಟದ್ದು ಅಂತಿದ್ದರೆ ಊರಲ್ಲೇ ಹಾಕಿಕೋ.

ಜೀನ್ಸ್ ಮೂರಿವೆ. ಒಂದೂ ಬೇಡ ಅನ್ನುತ್ತೇನೆ. ಆಷಾಢದಲ್ಲಿ ಜೀನ್ಸ್ ಒಣಗಿಸುವ ಪಾಡು ಕಾರವಾರದವರಿಗೆ ನಾನು ಹೇಳಬೇಕಾ? ಡಿಸೆಂಬರ್ ಕೊನೆಯಿಂದ ಪಂಜಾಬಿನಿಂದ ಕಾಶಿವರೆಗೂ ದಟ್ಟ ಮಂಜು ಕವಿಯುತ್ತದೆ, ಕೆಲವು ದಿನ ಮಧ್ಯಾಹ್ನ ಆದರೂ ಬಿಸಿಲೇ ಇಲ್ಲ. ಅಲ್ಲಿ ನಮ್ಮ ಮನೆಯ ಹಾಗೆ ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ, ಹೊಗೆ ವಾಸನೆ ಬಂದರೂ ಬರಲಿ ಅಂತ ನೇತುಹಾಕುವುದಕ್ಕೂ ಆಗುವುದಿಲ್ಲ. ದಪ್ಪ ಬಟ್ಟೆ ಏನಿದ್ದರೂ ಶಿಮ್ಲಾದಲ್ಲಿ ಬಿಸಿಲು ಸಿಕ್ಕ ದಿನ ಒಗೆದು ಮುಗಿಸು.

ಉಳಿದದ್ದಕ್ಕೆ ಒಂದು ಉಪಾಯ ಇದೆ. ಒಣಗಿದ ಹತ್ತಿ ಪಂಚೆಯನ್ನು ಹಾಸಿಗೆ ಮೇಲೆ ಹಾಸು. ಹಿಂಡಿದ ಅಂಗಿಯನ್ನು ಅದರ ಮೇಲೆ ನೆಟ್ಟಗೆ ಹರವು. ಎರಡನ್ನೂ ಸೇರಿಸಿ ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ, ಮೊಣಕಾಲೂರಿ ಒತ್ತು. ಹಿಂಡಿದಾಗ ಹೋಗದ ನೀರೆಲ್ಲ ಪಂಚೆಗೆ ಇಳಿಯುತ್ತದೆ. ಆಮೇಲೆ ಫ್ಯಾನಿನ ಕೆಳಗೆ ನೇತುಹಾಕಿದರೆ ತೆಳು ಅಂಗಿ ಬೆಳಗಾಗುವುದರೊಳಗೆ ಹೆಚ್ಚುಕಮ್ಮಿ ಹಾಕಿಕೊಳ್ಳುವ ಹಾಗೆ ಆಗುತ್ತದೆ. ಪಂಚೆ ಎರಡು ಇಟ್ಟುಕೋ. ಟವೆಲ್ಲಿಗಿಂತ ಬೇಗ ಒಣಗುತ್ತದೆ, ರೈಲಿನಲ್ಲಿ ಹಾಸಬಹುದು, ಹೊದೆಯಬಹುದು, ಗಂಗೆಯಲ್ಲಿ ಮುಳುಗಿ ಎದ್ದ ಮೇಲೆ ಉಡಬಹುದು. ಆ ದಪ್ಪ ಟರ್ಕಿ ಟವೆಲ್ ಯಾಕೋ?

ಚಳಿಯ ವಿಷಯ. ಇಲ್ಲಿ ಶಿರಸಿಯಲ್ಲಿ ಬೆಳಿಗ್ಗೆ ಎದ್ದು ಶಾಲು ಹೊದೆಯುತ್ತೇವೆ, ನಿಮಗೆ ಅದೂ ಇಲ್ಲ. ಶಿಮ್ಲಾದಲ್ಲಿ ರಾತ್ರಿ ಸೊನ್ನೆಯ ಹತ್ತಿರ ಇಳಿಯುತ್ತದೆ. ಹಾಗಂತ ನಿಮ್ಮಪ್ಪನ ಕಾಲದ ಆ ಉಣ್ಣೆ ಕೋಟು ಬೇಡ. ಒಂದೇ ದಪ್ಪ ಬಟ್ಟೆಗಿಂತ ತೆಳುವಾದ ಮೂರು ಒಂದರ ಮೇಲೊಂದು ಹಾಕಿದರೆ ನಡುವೆ ಗಾಳಿ ನಿಂತು ಜಾಸ್ತಿ ಬೆಚ್ಚಗಿರುತ್ತದೆ. ಒಳಗೆ ಥರ್ಮಲ್ ಅಂದರೆ ಚಳಿಯ ಒಳಉಡುಪು, ಅದರ ಮೇಲೆ ಅಂಗಿ, ಆಮೇಲೆ ಸ್ವೆಟರ್, ಗಾಳಿ ಬೀಸಿದರೆ ತೆಳು ಜಾಕೆಟ್. ದಿಲ್ಲಿಯಲ್ಲಿ ಒಂದನ್ನು ಬಿಚ್ಚು, ಭೋಪಾಲ ಬರುವಾಗ ಇನ್ನೊಂದನ್ನು. ಭಾರದ ಬಟ್ಟೆಯನ್ನು ಮೈಮೇಲೆ ಹಾಕಿಕೊಂಡೇ ಹೊರಡಿ ಅಂತ ಎಲ್ಲರೂ ಹೇಳುತ್ತಾರೆ. ಅವರು ಕಾರವಾರ ಸ್ಟೇಷನ್ನಿನಲ್ಲಿ ಜಾಕೆಟ್ ಹಾಕಿಕೊಂಡು ಒಮ್ಮೆ ನಿಂತು ನೋಡಲಿ!

ಥರ್ಮಲ್ ಇಲ್ಲೇ ತಗೋ. ಸ್ವೆಟರ್, ಜಾಕೆಟ್ ಅಲ್ಲೇ ಕೊಂಡರೆ ಹೋಗುವಾಗಿನ ಭಾರವೂ ಉಳಿಯುತ್ತದೆ. ಚಳಿಗಾಲದಲ್ಲಿ ನಮ್ಮ ಕಡೆ ಪೇಟೆಗಳಲ್ಲಿ ಟಿಬೆಟಿಯನ್ನರು ಸ್ವೆಟರ್ ಮಾರುತ್ತಾರಲ್ಲ, ಆ ಸರಕು ಹೆಚ್ಚಾಗಿ ಬರುವುದು ಲೂಧಿಯಾನಾದಿಂದಲೇ. ನೀನು ಹೇಗೂ ಅಮೃತಸರಕ್ಕೆ ಹೋಗುವುದು ಆ ದಾರಿಯಲ್ಲೇ.

ಜೊತೆಗೆ ಬರುವ ನಿನ್ನ ಹೆಂಡತಿ, ನಮ್ಮ ವೈನಿಯದ್ದು ನಿನಗಿಂತ ಸಲೀಸು. ಸೀರೆ ಮಡಚಿದರೆ ಜಾಗವೇ ಹಿಡಿಯುವುದಿಲ್ಲ, ತೊಂದರೆ ಇರುವುದು ಬ್ಲೌಸಿನಲ್ಲಿ. ಪ್ರತಿ ಸೀರೆಗೂ ಅದರದ್ದೇ ಬ್ಲೌಸ್ ಅಂತ ಹೊರಟರೆ ಒಂದು ಬ್ಲೌಸ್ ಒಗೆದ ದಿನ ಒಂದು ಸೀರೆಯೂ ರಜೆ. ಕಪ್ಪು ಒಂದು, ಮರೂನ್ ಒಂದು, ತಿಳಿ ಬಣ್ಣದ್ದು ಒಂದು ಇಟ್ಟುಕೊಂಡು, ಇವುಗಳಿಗೆ ಹೊಂದುವ ಸೀರೆ ಆರಿಸಲಿ. ಉತ್ತರದ ಪೇಟೆಗಳಲ್ಲಿ ಉಣ್ಣೆಯ ಉದ್ದ ತೋಳಿನ ಬ್ಲೌಸ್ ಸಿಗುತ್ತವೆ. ಕಪ್ಪಿನದ್ದು ಒಂದು ತೆಗೆದುಕೊಂಡರೆ ಸೀರೆ ಮೇಲೆ ಸ್ವೆಟರ್ ಹಾಕಿ ಸೆರಗು ಮುಚ್ಚಿಹೋಯಿತು ಅಂತ ಬೇಜಾರು ಮಾಡಿಕೊಳ್ಳುವುದು ತಪ್ಪುತ್ತದೆ. ಇದು ನನ್ನ ಹೆಂಡತಿಯ ಮಾತು, ನನ್ನ ಪಾಂಡಿತ್ಯ ಅಲ್ಲ.

ಶೂ ಒಂದೇ ಜೊತೆ, ಲೇಸ್ ಇಲ್ಲದ್ದು. ಸ್ವರ್ಣಮಂದಿರದಲ್ಲಿ ಶೂ, ಸಾಕ್ಸ್ ಎರಡೂ ಬಿಚ್ಚಿ, ಕಾಲು ತೊಳೆದು, ತಲೆಗೆ ಬಟ್ಟೆ ಕಟ್ಟಿಕೊಂಡೇ ಒಳಗೆ ಹೋಗಬೇಕು. ದೊಡ್ಡ ಕರವಸ್ತ್ರ ಒಂದು ಜೇಬಿನಲ್ಲಿರಲಿ. ರೂಮಿಗೆ ಹವಾಯಿ ಚಪ್ಪಲಿ ಸಾಕು.

ಇಷ್ಟು ತುಂಬಿದ ಮೇಲೆ ಬ್ಯಾಗಿನ ಕಾಲು ಭಾಗ ಖಾಲಿ ಉಳಿಯಬೇಕು. ಉಳಿಯದಿದ್ದರೆ ನಿನ್ನದೇ ಇನ್ನೆರಡು ಅಂಗಿ ತೆಗೆ, ವೈನಿಯ ಸೀರೆಗೆ ಕೈ ಹಾಕಬೇಡ. ಅಮೃತಸರದಲ್ಲಿ ಅವರು ಶಾಲು, ಪಂಜಾಬಿ ಕಸೂತಿಯ ಫುಲ್ಕಾರಿ ದುಪಟ್ಟಾ ಕೊಳ್ಳುವುದು ಗ್ಯಾರಂಟಿ, ಆಗ ಜಾಗ ಇಲ್ಲ ಅಂತ ನೀನು ಬಾಯಿ ತೆಗೆದರೆ ಮುಂದಿನ ಊರುಗಳನ್ನೆಲ್ಲ ಒಬ್ಬನೇ ನೋಡಬೇಕಾಗುತ್ತದೆ. ಹೊಸದಾಗಿ ಜೋಡಿಸಿ ಇನ್ನೊಂದು ಫೋಟೊ ಹಾಕು.

ನಿನ್ನ,
ಘಟ್ಟದ ಮೇಲಿನ ದೋಸ್ತ